ರೋಗಿಯ ಬಟ್ಟಲು: ಆಸ್ಪತ್ರೆಯ ಊಟದ ಚರಿತ್ರೆ ಕಲಿಸುವ ಪಾಠ

ಕೆಲವು ವರ್ಷಗಳ ಹಿಂದೆ ನಾವು ಹಿರಿಯ ಸಂಬಂಧಿಯೊಬ್ಬರ ಆರೈಕೆಗಾಗಿ ದೊಡ್ಡ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಐದು ದಿನ ಕಳೆಯಬೇಕಾಯಿತು. ಪಕ್ಕದ ಮಂಚದಲ್ಲಿ ಒಬ್ಬ ವೃದ್ಧರಿದ್ದರು. ಜೊತೆಗೆ ಯಾರೂ ಇರಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಊಟದ ಗಾಡಿ ಬಂತು. ಹುಡುಗನೊಬ್ಬ ಅನ್ನ, ಸಾರು, ಪಲ್ಯವಿದ್ದ ತಟ್ಟೆಯನ್ನು ಮಂಚದ ಕಾಲ ಬಳಿಯ ಮೇಜಿನ ಮೇಲಿಟ್ಟು ಮುಂದೆ ಹೋದ. ವೃದ್ಧರ ಬಲಗೈಗೆ ಡ್ರಿಪ್ ಹಾಕಿದ್ದರು. ಎಡಗೈ ಮೇಜಿನ ತನಕ ಚಾಚುತ್ತಿರಲಿಲ್ಲ. ನಾವು ನಮ್ಮವರ ಔಷಧಿ ತರಲು ಕೆಳಗಿಳಿದಿದ್ದೆವು. ಮರಳಿ ಬಂದಾಗ ಅದೇ ಹುಡುಗ ತುಂಬಿದ ತಟ್ಟೆಯನ್ನು ಹಾಗೆಯೇ ಎತ್ತಿಕೊಂಡು ಹೋಗುತ್ತಿದ್ದ. ಅವನ ಕೈಯಲ್ಲಿದ್ದ ಪಟ್ಟಿಯಲ್ಲಿ ಆ ಮಂಚದ ಸಂಖ್ಯೆಯ ಮುಂದೆ ಗುರುತು ಬಿದ್ದಿತ್ತು: ಊಟ ಕೊಡಲಾಗಿದೆ.

ಆ ಹುಡುಗ ಸುಳ್ಳು ಬರೆದಿರಲಿಲ್ಲ. ಊಟ ಕೊಟ್ಟದ್ದು ನಿಜ. ಆ ಊಟ ಕೆಟ್ಟದ್ದಾಗಿಯೂ ಇರಲಿಲ್ಲ. ಆದರೆ ರೋಗಿ ಉಣ್ಣಲಿಲ್ಲ. ಆಸ್ಪತ್ರೆಯ ಊಟದ ಗುಣಮಟ್ಟ ಎಂದಾಕ್ಷಣ ನಾವು ಉಪ್ಪು, ಖಾರ, ಅಕ್ಕಿಯ ದರ್ಜೆ, ಸಾರಿನ ತೆಳುವಿನ ಬಗ್ಗೆ ಮಾತನಾಡುತ್ತೇವೆ. ಅದು ಬೇಕಾದ ಮಾತೇ. ಆದರೆ ಅದಕ್ಕಿಂತಲೂ ಮೊದಲಿನ ಪ್ರಶ್ನೆಯೊಂದಿದೆ. ರೋಗಿ ಉಂಡನೇ ಇಲ್ಲವೇ ಎಂದು ನೋಡುವ ಹೊಣೆ ಯಾರದು? ಈ ಪ್ರಶ್ನೆಗೆ ಚರಿತ್ರೆಯಲ್ಲಿ ಕೆಲವರು ಬಹಳ ಸ್ಪಷ್ಟವಾದ ಉತ್ತರ ಕೊಟ್ಟಿದ್ದರು. ನಾವು ಅದನ್ನು ಮರೆತು, ದುಬಾರಿ ಬೆಲೆ ತೆತ್ತು, ಮತ್ತೆ ಕಲಿಯುತ್ತಿದ್ದೇವೆ.

ಕೈರೋದ ಒಂದು ದಾನಪತ್ರ

ಮಧ್ಯಯುಗದ ಮುಸ್ಲಿಮ್ ನಗರಗಳಲ್ಲಿ ಆಸ್ಪತ್ರೆಗೆ ಬೀಮಾರಿಸ್ತಾನ್ ಎಂಬ ಪಾರ್ಸಿ ಹೆಸರಿತ್ತು. ಬೀಮಾರ್ ಎಂದರೆ ರೋಗಿ. ಬೀಮಾರಿಸ್ತಾನ್ ಎಂದರೆ ರೋಗಿಗಳಿರುವ ಸ್ಥಳ. ಬಗ್ದಾದಿನ ಅದುದೀ ಆಸ್ಪತ್ರೆ ಹತ್ತನೆಯ ಶತಮಾನದ ಕೊನೆಯದು. ದಮಾಸ್ಕಸ್‌ನ ನೂರೀ ಆಸ್ಪತ್ರೆ 1154ರದು. ಸ್ಪೇನಿನ ಯಾತ್ರಿಕ ಇಬ್ನ್ ಜುಬೈರ್ 1184ರಲ್ಲಿ ದಮಾಸ್ಕಸ್‌ಗೆ ಬಂದಾಗ ಈ ಆಸ್ಪತ್ರೆಯನ್ನು ಕಂಡು ವಿವರ ಬರೆದಿಟ್ಟ. ಅಲ್ಲಿನ ಗುಮಾಸ್ತರ ಬಳಿ ದಫ್ತರಗಳಿದ್ದವು. ಅವುಗಳಲ್ಲಿ ರೋಗಿಗಳ ಹೆಸರು ಮತ್ತು ಅವರ ಔಷಧಿಗೂ ಆಹಾರಕ್ಕೂ ತಗಲುವ ವೆಚ್ಚವನ್ನು ಬರೆಯಲಾಗುತ್ತಿತ್ತು. ವೈದ್ಯರು ಬೆಳಿಗ್ಗೆ ಬಂದು ರೋಗಿಗಳನ್ನು ಪರೀಕ್ಷಿಸಿ, ಒಬ್ಬೊಬ್ಬರಿಗೂ ತಕ್ಕ ಔಷಧಿಯನ್ನೂ ಆಹಾರವನ್ನೂ ಸಿದ್ಧಪಡಿಸಲು ಹೇಳುತ್ತಿದ್ದರು. ಔಷಧಿ ಮತ್ತು ಆಹಾರ ಒಂದೇ ಉಸಿರಿನಲ್ಲಿ, ಒಂದೇ ದಫ್ತರದಲ್ಲಿ ಇದ್ದವು ಎಂಬುದನ್ನು ಗಮನಿಸಬೇಕು.

ಈ ನೂರೀ ಆಸ್ಪತ್ರೆಯ ಔಷಧಿಯಿಂದ ಗುಣಮುಖನಾದವರಲ್ಲಿ ಕಲಾವೂನ್ ಎಂಬ ಮಮ್ಲೂಕ್ ಸೇನಾನಿಯೂ ಒಬ್ಬ. ತಾನು ಅಧಿಕಾರಕ್ಕೆ ಬಂದರೆ ಇಂಥದ್ದೇ ಆಸ್ಪತ್ರೆ ಕಟ್ಟಿಸುತ್ತೇನೆಂದು ಆತ ಹರಕೆ ಹೊತ್ತನೆಂದು ಚರಿತ್ರೆಕಾರರು ಹೇಳುತ್ತಾರೆ. ಮುಂದೆ ಆತ ಈಜಿಪ್ಟಿನ ಸುಲ್ತಾನನಾದ. 1284ರಲ್ಲಿ ಕೈರೋ ನಗರದ ನಡುವೆ ಮನ್ಸೂರೀ ಆಸ್ಪತ್ರೆ ಎದ್ದು ನಿಂತಿತು. ಜ್ವರಕ್ಕೆ, ಕಣ್ಣಿನ ರೋಗಕ್ಕೆ, ಗಾಯಾಳುಗಳಿಗೆ, ಅತಿಸಾರಕ್ಕೆ, ಸ್ತ್ರೀಯರಿಗೆ ಪ್ರತ್ಯೇಕ ವಿಭಾಗಗಳು. ಜೊತೆಗೆ ಅಡುಗೆಗೆಂದೇ ಬೇರೆ ಸ್ಥಳ. ಬಡವ, ಶ್ರೀಮಂತ, ಊರಿನವ, ಪರವೂರಿನವ ಎಂಬ ಭೇದವಿಲ್ಲದೆ ಪ್ರವೇಶ.

ಈ ಆಸ್ಪತ್ರೆಯ ವಕ್ಫ್ ಪತ್ರ ಇಂದಿಗೂ ಉಳಿದಿದೆ. ಸುಲ್ತಾನನೊಬ್ಬನ ದಾನಪತ್ರದಲ್ಲಿ ಹೊಗಳಿಕೆ, ಬಿರುದು ಬಾವಲಿಗಳನ್ನು ನಿರೀಕ್ಷಿಸಬಹುದು. ಆದರೆ ಅದರಲ್ಲಿ ಮಣ್ಣಿನ ಬಟ್ಟಲುಗಳ ಲೆಕ್ಕವಿದೆ. ಆಸ್ತಿಗಳ ಆದಾಯದಿಂದ ಯಾವ ಯಾವುದಕ್ಕೆ ಖರ್ಚು ಮಾಡಬೇಕೆಂದು ಹೇಳುವಾಗ ಪಾನಕಕ್ಕೆ ಗಾಜಿನ ಲೋಟ, ನೀರಿಗೆ ಹೂಜಿ, ದೀಪಕ್ಕೆ ಎಣ್ಣೆ, ಸೆಕೆಗಾಲದಲ್ಲಿ ಬೀಸಿಕೊಳ್ಳಲು ಗರಿಯ ಬೀಸಣಿಗೆ, ಬಡಿಸಲು ಒಯ್ಯುವಾಗ ಊಟ ಮುಚ್ಚಲು ಗರಿಯಿಂದ ಹೆಣೆದ ಮುಚ್ಚಳ ಎಂದು ಒಂದೊಂದನ್ನೂ ಹೆಸರಿಸಲಾಗಿದೆ. ಪ್ರತಿಯೊಬ್ಬ ರೋಗಿಯ ಊಟವನ್ನೂ ಆತನಿಗೆಂದೇ ಇರುವ ಪ್ರತ್ಯೇಕ ಬಟ್ಟಲಿನಲ್ಲಿ ಕೊಡಬೇಕು, ಇನ್ನೊಬ್ಬ ರೋಗಿಯೊಂದಿಗೆ ಹಂಚಿಕೊಳ್ಳುವಂತಿರಬಾರದು, ಮುಚ್ಚಿ ಒಯ್ಯಬೇಕು, ಎಲ್ಲರ ಊಟವೂ ಪೂರ್ತಿಯಾಗುವ ತನಕ ಈ ಕೆಲಸ ನಡೆಯಬೇಕು, ವೈದ್ಯರು ಹೇಳಿದ್ದು ಬೆಳಿಗ್ಗೆಯೂ ಸಂಜೆಯೂ ಪ್ರತಿಯೊಬ್ಬನಿಗೂ ಸಂಪೂರ್ಣವಾಗಿ ಸಲ್ಲಬೇಕು ಎಂಬುದು ಅದರ ಆಶಯ.

ಬಟ್ಟಲು ಬೇರೆ ಇದ್ದರೆ ಸೋಂಕು ಹರಡುವುದು ಕಡಿಮೆ. ಮುಚ್ಚಿದ್ದರೆ ಬಿಸಿ ಉಳಿಯುತ್ತದೆ, ನೊಣ ಕೂರುವುದಿಲ್ಲ. ಆದರೆ ನಮಗೆ ಮುಖ್ಯವಾಗಿ ಕಂಡದ್ದು ಕೊನೆಯ ಮಾತು. ಊಟ ಹಂಚಿದಲ್ಲಿಗೆ ಕೆಲಸ ಮುಗಿಯುವುದಿಲ್ಲ, ಅದು ರೋಗಿಗೆ ಪೂರ್ತಿಯಾಗಿ ಸಂದ ಮೇಲೆ ಮುಗಿಯುತ್ತದೆ. ನಾವು ವಾರ್ಡಿನಲ್ಲಿ ಕಂಡ ಆ ಪಟ್ಟಿಯಲ್ಲಿ ಇಲ್ಲದ ಕಲಮು ಇದೇ.

ದಮಾಸ್ಕಸ್ ಆಸ್ಪತ್ರೆಯ ಊಟದ ಬಗ್ಗೆ ಒಂದು ಸ್ವಾರಸ್ಯಕರ ಪ್ರಸಂಗವನ್ನು ಹದಿನೈದನೆಯ ಶತಮಾನದ ಲೇಖಕ ಖಲೀಲ್ ಇಬ್ನ್ ಶಾಹೀನ್ ಅಲ್-ಝಾಹಿರೀ ದಾಖಲಿಸಿದ್ದಾನೆ. ಆತನ ಜೊತೆಗಿದ್ದ ಪಾರ್ಸಿ ದೇಶದ ರಸಿಕನೊಬ್ಬ ಅಲ್ಲಿನ ಊಟೋಪಚಾರ ಕಂಡು ಮನಸೋತು, ರೋಗದ ನಟನೆ ಮಾಡಿ ದಾಖಲಾದನಂತೆ. ಮುಖ್ಯ ವೈದ್ಯರು ನಾಡಿ ಹಿಡಿದ ಕೂಡಲೇ ಸಂಗತಿ ತಿಳಿದರೂ ಏನೂ ಹೇಳದೆ ಕೋಳಿ, ಸಿಹಿತಿಂಡಿ, ಪಾನಕ, ಹಣ್ಣುಗಳನ್ನು ಬರೆದುಕೊಟ್ಟರಂತೆ. ಮೂರು ದಿನಗಳ ಬಳಿಕ ಅವನ ಕೈಗೆ ಒಂದು ಚೀಟಿ ಬಂತು: ಅತಿಥಿ ಸತ್ಕಾರ ಮೂರು ದಿನ ಮಾತ್ರ! ಆಸ್ಪತ್ರೆಯ ಊಟಕ್ಕಾಗಿ ಜನ ರೋಗಿಯಂತೆ ನಟಿಸುವ ಕಥೆ ಹುಟ್ಟಬೇಕಾದರೆ ಆ ಊಟಕ್ಕೆ ಎಂಥ ಹೆಸರಿದ್ದಿರಬೇಕು?

ಹಾಗೆಂದು ಗತಕಾಲವನ್ನು ಸ್ವರ್ಗವಾಗಿ ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ಮನ್ಸೂರೀ ಆಸ್ಪತ್ರೆಯ ನಿರ್ಮಾಣದಲ್ಲಿ ಜನರಿಂದ ಬಲವಂತವಾಗಿ ದುಡಿಸಿಕೊಂಡದ್ದನ್ನು ಆ ಕಾಲದ ವಿದ್ವಾಂಸರೇ ಟೀಕಿಸಿದ್ದರು. 1798ರಲ್ಲಿ ಫ್ರೆಂಚರು ಕೈರೋಗೆ ಬರುವ ಹೊತ್ತಿಗೆ ಆ ಆಸ್ಪತ್ರೆ ತೀರಾ ದುಸ್ಥಿತಿಗೆ ತಲುಪಿತ್ತು. ಪತ್ರ ಎಷ್ಟೇ ಚೆನ್ನಾಗಿದ್ದರೂ ಅದನ್ನು ನಡೆಸುವ ಕೈ ಪ್ರಾಮಾಣಿಕವಾಗಿರದಿದ್ದರೆ, ವಕ್ಫ್‌ನ ಆದಾಯ ಬೇರೆ ಜೇಬು ಸೇರಿದರೆ, ಮೊದಲು ಬರಿದಾಗುವುದು ರೋಗಿಯ ಬಟ್ಟಲೇ. ವಕ್ಫ್ ಆಸ್ತಿಗಳ ಬಗ್ಗೆ ಇಂದು ಮಾತನಾಡುವ ನಾವೆಲ್ಲರೂ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಗಂಜಿಯ ನಾಡಿನಲ್ಲಿ

ಈ ಕಾಳಜಿ ಒಂದು ಸಮುದಾಯದ ಸೊತ್ತಲ್ಲ. ಚರಕ ಸಂಹಿತೆಯಲ್ಲಿ ಚಿಕಿತ್ಸೆಗೆ ಮೊದಲು ಎಂಥ ಮನೆ ಸಿದ್ಧಪಡಿಸಬೇಕೆಂಬ ವಿವರವಿದೆ. ಅಲ್ಲಿ ಅಡುಗೆಮನೆ ಇರಬೇಕು, ಬೇಳೆ ಮತ್ತು ಅನ್ನ ಬೇಯಿಸುವುದರಲ್ಲಿ ಪಳಗಿದವರಿರಬೇಕು, ಹಾಲು ಕೊಡುವ ಹಸು ಇರಬೇಕು ಎಂದು ಹೇಳಲಾಗಿದೆ. ಪಥ್ಯ ಎಂಬ ಪದವೇ ಊಟವನ್ನು ಚಿಕಿತ್ಸೆಯ ದಾರಿಯಲ್ಲಿಡುತ್ತದೆ.

ನಮ್ಮ ಕರ್ನಾಟಕದ್ದೇ ಉದಾಹರಣೆ ಬೇಕಿದ್ದರೆ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಗೆ ಹೋಗಬೇಕು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ಅದು ವಿದ್ಯೆಯ ಸ್ಥಾನ ಮಾತ್ರವಲ್ಲ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ದೊರೆಯುವ ಸ್ಥಾನ, ಅನಾಥ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನ. ನೂರೀ ಆಸ್ಪತ್ರೆ ಮತ್ತು ಈ ಶಾಸನದ ನಡುವೆ ಕೇವಲ ಎಂಟು ವರ್ಷಗಳ ಅಂತರ. ಒಬ್ಬರು ಇನ್ನೊಬ್ಬರನ್ನು ಬಲ್ಲವರಲ್ಲ. ಆದರೂ ಇಬ್ಬರೂ ಅನ್ನವನ್ನೂ ಔಷಧಿಯನ್ನೂ ಒಂದೇ ಸೂರಿನಡಿ ತಂದರು.

ಜ್ವರ ಬಂದವರಿಗೆ ನಮ್ಮ ಕರಾವಳಿಯ ಮನೆಗಳಲ್ಲಿ ಇಂದಿಗೂ ಮೊದಲು ಸಿಗುವುದು ಗಂಜಿ. ಪ್ರವಾದಿ(ಸ)ರ ಪತ್ನಿ ಆಯಿಶಾ(ರ) ರೋಗಿಗಳಿಗೂ ದುಃಖದಲ್ಲಿರುವವರಿಗೂ ತಲ್ಬೀನಾ ಎಂಬ ಜವೆಗೋಧಿಯ ತೆಳು ಗಂಜಿಯನ್ನು ಹೇಳುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಧಾನ್ಯ ಬೇರೆ, ಪಾತ್ರೆ ಬೇರೆ. ಕಾಯಿಲೆಯವರ ಮುಂದೆ ಕುಳಿತು ಒಂದೊಂದೇ ಗುಟುಕು ಕುಡಿಸುವ ಕೈ ಒಂದೇ.

ಸ್ಕುಟಾರಿಯ ಹಂಡೆಗಳು

ಆಧುನಿಕ ಆಸ್ಪತ್ರೆ ದೊಡ್ಡದಾಯಿತು, ಮಂಚಗಳು ಸಾವಿರವಾದವು. ಆಗ ಆ ಕೈ ಎಲ್ಲಿ ಹೋಯಿತು? ಕ್ರಿಮಿಯಾ ಯುದ್ಧದ ಕಾಲದಲ್ಲಿ ಇಸ್ತಾಂಬುಲ್ ಎದುರಿನ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನೆಯ ಆಸ್ಪತ್ರೆ ಇದಕ್ಕೆ ಉತ್ತರ ಕೊಡುತ್ತದೆ. 1854ರ ನವೆಂಬರ್‌ನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ದಾದಿಯರೊಂದಿಗೆ ಅಲ್ಲಿಗೆ ತಲುಪಿದಾಗ ಕಂಡ ಅಡುಗೆಯ ವ್ಯವಸ್ಥೆ ಹೀಗಿತ್ತು: ದೊಡ್ಡ ತಾಮ್ರದ ಹಂಡೆಗಳಲ್ಲಿ ಎಲ್ಲರ ಮಾಂಸವೂ ಒಟ್ಟಿಗೆ ಬೇಯುತ್ತಿತ್ತು. ಯಾರ ಪಾಲು ಯಾವುದೆಂದು ಗುರುತಿಸಲು ತುಂಡುಗಳಿಗೆ ಚಿಂದಿ ಬಟ್ಟೆ, ಗುಂಡಿ ಮುಂತಾದುವನ್ನು ಕಟ್ಟಲಾಗುತ್ತಿತ್ತು. ಪಾಲನ್ನು ಮೂಳೆ ಸಹಿತ ತೂಗಿ ಕೊಡುತ್ತಿದ್ದುದರಿಂದ ಕೆಲವರ ಪಾಲಿಗೆ ಬರಿಯ ಮೂಳೆಯೇ ಬರುತ್ತಿತ್ತು. ಸರಿಯಾಗಿ ತೊಳೆಯದ ಅದೇ ಹಂಡೆಯಲ್ಲಿ ಚಹಾ ಕುದಿಸಲಾಗುತ್ತಿತ್ತು. ದಾಖಲೆಯ ಪ್ರಕಾರ ಎಲ್ಲರಿಗೂ ಪಡಿತರ ಸಂದಿತ್ತು. ಆದರೆ ನಿತ್ರಾಣರಾದ ಸೈನಿಕರು ಅದನ್ನು ತಿನ್ನಲು ಶಕ್ತರಾಗಿರಲಿಲ್ಲ.

ನೈಟಿಂಗೇಲ್ ತೀವ್ರ ಅಸ್ವಸ್ಥರಿಗಾಗಿ ಪ್ರತ್ಯೇಕ ಪಥ್ಯದ ಅಡುಗೆಮನೆಗಳನ್ನು ತೆರೆದರು. 1855ರಲ್ಲಿ ಅಲೆಕ್ಸಿಸ್ ಸೋಯೆ ಎಂಬ ಹೆಸರಾಂತ ಬಾಣಸಿಗ ಅಲ್ಲಿಗೆ ಬಂದ. ಫ್ರಾನ್ಸಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದ್ದ ಈತ 1847ರ ಐರಿಷ್ ಕ್ಷಾಮದಲ್ಲಿ ಡಬ್ಲಿನ್ ನಗರದಲ್ಲಿ ಗಂಜಿ ಕೇಂದ್ರ ನಡೆಸಿದವನು. ಮಾಂಸ ಬೆಂದ ಸಾರನ್ನು ಚೆಲ್ಲುವುದನ್ನು ಆತ ನಿಲ್ಲಿಸಿದ. ಅಡುಗೆಯವರಿಗೆ ತರಬೇತಿ ಕೊಟ್ಟ. ಕಡಿಮೆ ಸೌದೆಯಲ್ಲಿ ಹೆಚ್ಚು ಅಡುಗೆಯಾಗುವ ಒಲೆಯನ್ನು ರೂಪಿಸಿದ. ಆ ಮಾದರಿಯ ಒಲೆ ಬ್ರಿಟಿಷ್ ಸೇನೆಯಲ್ಲಿ ನೂರಕ್ಕೂ ಹೆಚ್ಚು ವರ್ಷ ಬಳಕೆಯಲ್ಲಿತ್ತು. ಅದೇ ಪಡಿತರ, ಅದೇ ಹಣ. ಬದಲಾದದ್ದು ಅಡುಗೆಯ ಕ್ರಮ ಮತ್ತು ಹೊಣೆಗಾರಿಕೆ. ಸ್ಕುಟಾರಿಯಲ್ಲಿ ಸಾವಿನ ಪ್ರಮಾಣ ಇಳಿದದ್ದಕ್ಕೆ ಮುಖ್ಯ ಕಾರಣ 1855ರಲ್ಲಿ ನಡೆದ ಚರಂಡಿ ಮತ್ತು ನೀರಿನ ಶುದ್ಧೀಕರಣ. ಊಟವೊಂದೇ ಎಲ್ಲವನ್ನೂ ಉಳಿಸಿತು ಎನ್ನಲಾಗದು. ಆದರೆ ಬದುಕುಳಿದವರು ಎದ್ದು ಕೂರಲು ಊಟ ಬೇಕಿತ್ತು.

ನೈಟಿಂಗೇಲ್ ಅವರ ಶುಶ್ರೂಷೆಯ ಪುಸ್ತಕದಲ್ಲಿ ರೋಗಿಯ ಊಟಕ್ಕೆ ಎರಡು ಅಧ್ಯಾಯಗಳಿವೆ: ಒಂದು ಯಾವ ಆಹಾರ ಎಂಬುದರ ಬಗ್ಗೆ, ಇನ್ನೊಂದು ಅದನ್ನು ಉಣ್ಣಿಸುವುದರ ಬಗ್ಗೆ. ಆಹಾರದ ಅಭಾವವಿಲ್ಲದೆಡೆಯಲ್ಲೂ ಸಾವಿರಾರು ರೋಗಿಗಳು ಹಸಿದಿರುತ್ತಾರೆ, ಕಾರಣ ಅವರು ಯಾವ ಹೊತ್ತಿಗೆ ಉಣ್ಣಬಲ್ಲರೆಂದು ಯಾರೂ ಗಮನಿಸುವುದಿಲ್ಲ ಎಂಬುದು ಅವರ ದೂರು. ಮುಟ್ಟದ ಊಟವನ್ನು ಮುಂದಿನ ಊಟದ ತನಕ ರೋಗಿಯ ಪಕ್ಕದಲ್ಲಿ ಬಿಡಬಾರದು, ಬಟ್ಟಲಿನ ತಳ ಒದ್ದೆಯಾಗಿದ್ದು ಹಾಸಿಗೆಯ ಮೇಲೆ ತೊಟ್ಟಿಕ್ಕಬಾರದು ಎಂಬಲ್ಲಿಯವರೆಗೆ ಅವರ ಸೂಚನೆಗಳಿವೆ. ಕೈರೋದ ಗರಿಯ ಮುಚ್ಚಳಕ್ಕೂ ಈ ಒಣಗಿದ ಬಟ್ಟಲಿಗೂ ನಡುವೆ ಸುಮಾರು ಆರು ಶತಮಾನಗಳಿದ್ದರೂ ಕಾಳಜಿ ಒಂದೇ.

ವೈದ್ಯವಿಜ್ಞಾನ ಮರೆತದ್ದು

ಇಪ್ಪತ್ತನೆಯ ಶತಮಾನದಲ್ಲಿ ಅರಿವಳಿಕೆ, ಎಕ್ಸ್‌ರೇ, ಆ್ಯಂಟಿಬಯೋಟಿಕ್‌ಗಳು ಆಸ್ಪತ್ರೆಯ ಮುಖವನ್ನೇ ಬದಲಿಸಿದವು. ಔಷಧಿ ವೈದ್ಯರ ಕೈಯಲ್ಲುಳಿಯಿತು, ಊಟ ಗುತ್ತಿಗೆದಾರರ ಕೈ ಸೇರಿತು. ಇಬ್ನ್ ಜುಬೈರ್ ಕಂಡ ಒಂದೇ ದಫ್ತರ ಎರಡಾಯಿತು.

ಇದರ ಬೆಲೆಯನ್ನು ಮೊದಲೇ ತೋರಿಸಿದವರಲ್ಲಿ ಅಮೆರಿಕದ ಶಸ್ತ್ರವೈದ್ಯ ಸ್ಟಡ್ಲಿ ಒಬ್ಬರು. ಹೊಟ್ಟೆಯ ಹುಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ದಾಖಲೆಗಳನ್ನು ಅವರು 1936ರಲ್ಲಿ ಪ್ರಕಟಿಸಿದರು. ಚಿಕಿತ್ಸೆಗೆ ಮೊದಲೇ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಂಡವರಲ್ಲಿ ಶೇಕಡಾ 33 ಮಂದಿ ಸತ್ತಿದ್ದರು. ಉಳಿದವರಲ್ಲಿ ಸತ್ತವರು ಶೇಕಡಾ 3.5 ಮಾತ್ರ. 1974ರಲ್ಲಿ ಅಮೆರಿಕದ ವೈದ್ಯ ಬಟರ್‌ವರ್ತ್ ಆಸ್ಪತ್ರೆಗಳ ಒಳಗೇ ನಡೆಯುವ ಉಪವಾಸವನ್ನು ಕಪಾಟಿನಲ್ಲಿ ಬಚ್ಚಿಟ್ಟ ಅಸ್ಥಿಪಂಜರಕ್ಕೆ ಹೋಲಿಸಿದರು. ತಪಾಸಣೆಗೆಂದು ಪದೇ ಪದೇ ಖಾಲಿ ಹೊಟ್ಟೆಯಲ್ಲಿರಿಸುವುದು, ತೂಕ ಬರೆಯದಿರುವುದು, ದಿನಗಟ್ಟಲೆ ಬರಿಯ ಗ್ಲೂಕೋಸ್ ಬಾಟಲಿಯ ಮೇಲಿಡುವುದು ಅವರ ಪಟ್ಟಿಯಲ್ಲಿದ್ದವು. 1994ರಲ್ಲಿ ಸ್ಕಾಟ್ಲೆಂಡಿನ ಡಂಡಿ ನಗರದ ಆಸ್ಪತ್ರೆಯಲ್ಲಿ ದಾಖಲಾದ 500 ಮಂದಿಯನ್ನು ಪರೀಕ್ಷಿಸಿದಾಗ 200 ಮಂದಿ ಅಪೌಷ್ಟಿಕತೆಯಿಂದ ಬಳಲುತ್ತಿದ್ದರು. ಬಿಡುಗಡೆಯ ಹೊತ್ತಿಗೆ ಮತ್ತೆ ತೂಗಿದವರಲ್ಲಿ ಹೆಚ್ಚಿನವರು ಇನ್ನಷ್ಟು ಇಳಿದಿದ್ದರು. ಇದು ಬಡ ದೇಶದ ಕಥೆಯಲ್ಲ ಎಂಬುದನ್ನು ಗಮನಿಸಿ.

ಊಟ ಸರಿಪಡಿಸಿದರೆ ಪ್ರಾಣ ಉಳಿಯುತ್ತದೆಯೇ? ಈ ಪ್ರಶ್ನೆಗೆ 2019ರಲ್ಲಿ ಸ್ವಿಟ್ಜರ್ಲೆಂಡಿನಿಂದ ಉತ್ತರ ಬಂತು. ಅಲ್ಲಿನ ಎಂಟು ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಆಸ್ಪತ್ರೆಯ ಮಾಮೂಲಿ ಊಟ. ಇನ್ನೊಂದು ಗುಂಪಿನಲ್ಲಿ ಪಥ್ಯತಜ್ಞರು ಪ್ರತಿಯೊಬ್ಬರ ಅಗತ್ಯ ಲೆಕ್ಕಹಾಕಿ, ಅಷ್ಟು ಹೊಟ್ಟೆ ಸೇರಿತೇ ಎಂದು ನೋಡಿಕೊಂಡರು. ಮೂವತ್ತು ದಿನಗಳಲ್ಲಿ ಮೊದಲ ಗುಂಪಿನಲ್ಲಿ ಶೇಕಡಾ 10 ಮಂದಿ ಸತ್ತರೆ, ಎರಡನೆಯದರಲ್ಲಿ ಶೇಕಡಾ 7. ನೂರಕ್ಕೆ ಮೂರು ಜೀವ! ಹೊಸ ಮಾತ್ರೆಯೊಂದು ಇಷ್ಟು ಸಾಧಿಸಿದ್ದರೆ ಅದು ಪತ್ರಿಕೆಗಳ ಮುಖಪುಟದಲ್ಲಿರುತ್ತಿತ್ತು.

ಇಂಗ್ಲೆಂಡಿನ ಸುತ್ತುದಾರಿ

ಆಸ್ಪತ್ರೆಯ ಊಟ ಸುಧಾರಿಸುವುದು ಹೇಗೆ ಎಂಬುದಕ್ಕೆ ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳ ಪ್ರಯತ್ನ ಎಚ್ಚರಿಕೆಯೂ ಹೌದು, ಪಾಠವೂ ಹೌದು. 2001ರಲ್ಲಿ ಟಿವಿಯಲ್ಲಿ ಜನಪ್ರಿಯರಾಗಿದ್ದ ಲಾಯ್ಡ್ ಗ್ರಾಸ್‌ಮನ್ ನೇತೃತ್ವದಲ್ಲಿ ದೊಡ್ಡ ಯೋಜನೆಯೊಂದು ಆರಂಭವಾಯಿತು. ಹೆಸರಾಂತ ಬಾಣಸಿಗರು ಹೊಸ ತಿನಿಸುಗಳ ಪಟ್ಟಿ ರೂಪಿಸಿದರು. 2006ರ ಹೊತ್ತಿಗೆ ಅದು ಮುಗಿಯಿತು. ಪಟ್ಟಿ ಸುಂದರವಾಯಿತು, ದೂರುಗಳು ಉಳಿದವು. ಇದೇ ವರ್ಷಗಳಲ್ಲಿ ಸದ್ದಿಲ್ಲದೆ ಬಂದ ಎರಡು ಸರಳ ಕ್ರಮಗಳು ಮಾತ್ರ ಬೇರೂರಿದವು. ಊಟದ ಹೊತ್ತಿನಲ್ಲಿ ತುರ್ತಲ್ಲದ ತಪಾಸಣೆ, ರೌಂಡ್ಸ್ ಬೇಡ ಎಂಬ ನಿಯಮ ಒಂದು. ಉಣ್ಣಲು ಸಹಾಯ ಬೇಕಾದವರಿಗೆ ಕೆಂಪು ತಟ್ಟೆ ಕೊಡುವುದು ಇನ್ನೊಂದು. ಕೆಂಪು ತಟ್ಟೆ ಕಂಡರೆ ಯಾರಾದರೊಬ್ಬರು ಪಕ್ಕದಲ್ಲಿ ಕೂರಬೇಕು, ತುಂಬಿದ್ದರೆ ಕಾರಣ ಕೇಳದೆ ಎತ್ತಬಾರದು.

2019ರಲ್ಲಿ ಹೊರಗಿನಿಂದ ಪೂರೈಸಿದ ಸ್ಯಾಂಡ್‌ವಿಚ್ ಮತ್ತು ಸಲಾಡ್‌ಗಳಲ್ಲಿದ್ದ ಲಿಸ್ಟೀರಿಯಾ ಬ್ಯಾಕ್ಟೀರಿಯಾದಿಂದ 7 ರೋಗಿಗಳು ಸತ್ತರು. ಗುಣವಾಗಲೆಂದು ಬಂದವರನ್ನು ಅಲ್ಲಿನ ಊಟವೇ ಕೊಂದಿತ್ತು. 2020ರಲ್ಲಿ ಸ್ವತಂತ್ರ ವರದಿ ಬಂತು, 2022ರಲ್ಲಿ ರಾಷ್ಟ್ರೀಯ ಮಾನದಂಡಗಳು ಬಂದವು. ಅವುಗಳಲ್ಲೊಂದು ಹೀಗಿದೆ: ಪ್ರತಿ ಆಸ್ಪತ್ರೆ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಊಟಕ್ಕೆ ಹೊಣೆಯಾದ ಒಬ್ಬ ನಿರ್ದೇಶಕ ಇರಲೇಬೇಕು. ಬಟ್ಟಲು, ಮುಚ್ಚಳಗಳ ಖರ್ಚನ್ನೂ ಒಬ್ಬ ಮೇಲ್ವಿಚಾರಕನ ಹೊಣೆಗೆ ಒಪ್ಪಿಸಿದ್ದ ಕೈರೋದ ವಕ್ಫ್ ಪತ್ರಕ್ಕೆ ಇಂಗ್ಲೆಂಡ್ ಏಳು ಶತಮಾನಗಳ ಬಳಿಕ ತಲುಪಿತ್ತು.

ನಮ್ಮ ಪಾಲಿನ ಕೆಲಸ

ನಮ್ಮಲ್ಲಿ ಆಸ್ಪತ್ರೆಯ ಊಟದ ಅರ್ಧ ಭಾರವನ್ನು ಯಾವತ್ತೂ ಹೊತ್ತದ್ದು ಟಿಫಿನ್ ಕ್ಯಾರಿಯರ್. ಮನೆಯ ಹೆಂಗಸರು ಬೆಳಿಗ್ಗೆ ಬೇಯಿಸಿ, ಬಸ್ಸು ಹಿಡಿದು ತಂದು, ಉಣ್ಣಿಸಿ ಹೋಗುತ್ತಾರೆ. ಇದು ನಮ್ಮ ಬಲ. ಆದರೆ ದೂರದ ಹಳ್ಳಿಯವರಿಗೆ, ಒಂಟಿ ವೃದ್ಧರಿಗೆ, ವಲಸೆ ಕಾರ್ಮಿಕರಿಗೆ ಕ್ಯಾರಿಯರ್ ಬರುವುದಿಲ್ಲ. ಅವರಿಗೆ ಆಸ್ಪತ್ರೆಯ ತಟ್ಟೆಯೊಂದೇ ಗತಿ.

ಊಟ ಔಷಧಿಯೆಂಬುದಕ್ಕೆ ಹತ್ತಿರದ ಸಾಕ್ಷ್ಯವೂ ಇದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದು ಆಸ್ಪತ್ರೆಯ ಊಟವಲ್ಲ, ಮನೆಗೆ ಕೊಟ್ಟ ಪಡಿತರ. 2,800 ಕ್ಷಯರೋಗಿಗಳಿಗೆ ತಿಂಗಳಿಗೆ 10 ಕಿಲೋ ಆಹಾರಧಾನ್ಯದ ಚೀಲ ಕೊಡಲಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5ರಷ್ಟು ಹೆಚ್ಚಿದವರಲ್ಲಿ ಸಾವಿನ ಅಪಾಯ ಶೇಕಡಾ 61ರಷ್ಟು ಕಡಿಮೆಯಿತ್ತು. ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ: ಇದು ನಮಗೆ ಗೊತ್ತಿಲ್ಲದ ಔಷಧಿಯೇನಲ್ಲ.

ಹಾಗಾದರೆ ಏನು ಮಾಡಬಹುದು? ದಾಖಲಾದ ದಿನವೇ ತೂಕ ಬರೆಯಬೇಕು, ವಾರಕ್ಕೊಮ್ಮೆ ಮತ್ತೆ ಬರೆಯಬೇಕು. ಟೆಂಡರಿನಲ್ಲಿ ಅತಿ ಕಡಿಮೆ ದರವೊಂದನ್ನೇ ನೋಡದೆ, ಬಿಸಿ ಎಷ್ಟಿತ್ತು, ಎಷ್ಟು ಊಟ ಮರಳಿ ಬಂತು ಎಂಬ ಲೆಕ್ಕವನ್ನೂ ಕೇಳಬೇಕು. ಪ್ರತಿ ವಾರ್ಡಿನಲ್ಲಿ ಊಟಕ್ಕೆ ಉತ್ತರಿಸುವ ಒಬ್ಬರ ಹೆಸರು ಗೋಡೆಯ ಮೇಲಿರಬೇಕು. ಆಸ್ಪತ್ರೆಯ ಗೇಟಿನಲ್ಲಿ ಊಟದ ಪೊಟ್ಟಣ ಹಂಚುವ ನಮ್ಮ ಮಸೀದಿ, ಮಂದಿರ, ಚರ್ಚುಗಳ ಯುವಕರು ಒಂದು ಹೆಜ್ಜೆ ಮುಂದಿಡಬಹುದು. ಆಸ್ಪತ್ರೆಯ ಅನುಮತಿ ಪಡೆದು, ದಾದಿಯರಿಂದ ಪಥ್ಯ ತಿಳಿದುಕೊಂಡು, ಯಾರೂ ಇಲ್ಲದ ರೋಗಿಯ ಪಕ್ಕದಲ್ಲಿ ಊಟದ ಹೊತ್ತಿಗೆ ಅರ್ಧ ಗಂಟೆ ಕೂರಬಹುದು. ಇದಕ್ಕೆ ಚಂದಾ ಎತ್ತಬೇಕಿಲ್ಲ. ಅರ್ಧ ಗಂಟೆ ಸಮಯ ಸಾಕು.

ಅಂದು ಸಂಜೆ ನಾವು ಆ ವೃದ್ಧರ ಮೇಜನ್ನು ಹತ್ತಿರಕ್ಕೆ ಎಳೆದು ತುತ್ತು ಕೊಟ್ಟೆವು. ಇಡೀ ತಟ್ಟೆ ಖಾಲಿಯಾಯಿತು. ಸಾರು ತೆಳುವಾಗಿತ್ತು, ಅವರೇನೂ ದೂರಲಿಲ್ಲ. ಮಧ್ಯಾಹ್ನದ ಊಟದಲ್ಲಿ ಕೊರತೆಯಿದ್ದದ್ದು ಉಪ್ಪಿನದಲ್ಲ ಎಂದು ನಮಗೆ ಆಗ ಅರ್ಥವಾಯಿತು.